ಆನ್ ಆಗದ ಲ್ಯಾಪ್‌ಟಾಪಿನ ನಾಡಿ ಬಲ್ಲ ಹೇಮಕ್ಕ

ಬೆಳಗಿನ ಐದೂವರೆ. ವಡೋದರದ ಮಕರಪುರ ಕೈಗಾರಿಕಾ ವಸಾಹತಿನಲ್ಲಿ ರಾತ್ರಿ ಪಾಳಿ ಇನ್ನೂ ಬಿಟ್ಟಿಲ್ಲ. ಚಹಾದವನು ಶುಂಠಿ ಜಜ್ಜುವ ಸದ್ದೊಂದು ಬಿಟ್ಟರೆ ರಸ್ತೆಯೆಲ್ಲ ಮೌನ. ಅವನ ಗಾಡಿಗೆ ತಾಗಿಕೊಂಡ ಸಣ್ಣ ಮಳಿಗೆಯ ಶಟರ್ ಅರ್ಧಕ್ಕೆ ಮೇಲೆದ್ದಿದೆ. ಒಳಗೆ ಒಂದೇ ಒಂದು ಟೇಬಲ್ ಲ್ಯಾಂಪ್. ಅದರ ಬೆಳಕಿನಲ್ಲಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ ಹೆಂಗಸೊಬ್ಬರು ಮೈಕ್ರೋಸ್ಕೋಪಿನ ಮೇಲೆ ಬಾಗಿ ಕುಳಿತಿದ್ದಾರೆ. ಮೇ ತಿಂಗಳ ಸೆಕೆ ಈಗಾಗಲೇ ಬೆನ್ನಿಗೆ ಹತ್ತುತ್ತಿದೆ. ಆದರೂ ತಲೆಯ ಮೇಲಿನ ಫ್ಯಾನ್ ನಿಂತೇ ಇದೆ.

"ಫ್ಯಾನ್ ಹಾಕಿದ್ರ ಬೆಸುಗಿ ಆರತೈತ್ರಿ. ಮ್ಯಾಲೆ ಈ ಸಾಮಾನು ಸಾಸಿವಿಗಿಂತ ಸಣ್ಣವು. ಹಾರಿ ಹ್ವಾದ್ರ ಹುಡುಕೂದ್ಯಾರು? ಒಂಬತ್ತರ ಮ್ಯಾಲೆ ಫ್ಯಾನಿಲ್ದ ಇಲ್ಲಿ ಕೂಡಾಕ ಆಗಂಗಿಲ್ಲ. ಅದಕ್ಕ ಕಷ್ಟದ ಕೆಲಸ ಎಲ್ಲಾ ಮುಂಜಾನಿಗೇ ಮುಗಸ್ತೀನಿ," ಎನ್ನುತ್ತಾರೆ, ಕಣ್ಣು ತೆಗೆಯದೆ.

ಇವರು ಹೇಮಲತಾ ಪತ್ತಾರ. ವಯಸ್ಸು ಐವತ್ತೊಂದು. ಓದಿದ್ದು ಎಸ್ಸೆಸ್ಸೆಲ್ಸಿ. ಮಳಿಗೆಯ ಬೋರ್ಡಿನ ಮೇಲೆ ಗುಜರಾತಿಯಲ್ಲಿ 'ಹೇಮಾಬೇನ್ ಲ್ಯಾಪ್‌ಟಾಪ್ ರಿಪೇರಿಂಗ್' ಎಂದು ಬರೆದಿದೆ. ಊರಿನ ಕನ್ನಡಿಗರಿಗೆ ಇವರು ಹೇಮಕ್ಕ. ಸದ್ಯ ಇವರ ಮುಂದೆ ಹೊಟ್ಟೆ ಬಿಚ್ಚಿ ಮಲಗಿರುವುದು ಸೂರತ್‌ನ ಸಚಿನ್ ಕೈಗಾರಿಕಾ ವಸಾಹತಿನಿಂದ ಪಾರ್ಸೆಲ್‌ನಲ್ಲಿ ಬಂದ ಲ್ಯಾಪ್‌ಟಾಪ್. ರಾಸಾಯನಿಕ ಗೋದಾಮಿನಲ್ಲಿ ನಾಲ್ಕು ವರ್ಷ ಇದ್ದ ಅದರ ತಾಮ್ರದ ಗೆರೆಗಳು ಹಸಿರುಗಟ್ಟಿವೆ. ಮೂರು ವಾರದಿಂದ ಗುಂಡಿ ಒತ್ತಿದರೆ ಉಸಿರಿಲ್ಲ.

"ಅಲ್ಲಿಂದ ಬಂದದ್ದು ಮೂಗಿಗೇ ಗೊತ್ತಾಗತೈತಿ. ಬಿಚ್ಚಿದ ಕೂಡ್ಲೆ ಹುಳಿ ವಾಸನಿ," ಎಂದು ಹಲ್ಲುಜ್ಜುವ ಹಳೆಯ ಬ್ರಷ್ಷನ್ನು ಸ್ಪಿರಿಟ್‌ನಲ್ಲಿ ಅದ್ದಿ, ಮಗುವಿನ ಕಿವಿಯ ಹಿಂದೆ ಉಜ್ಜಿದಷ್ಟು ಮೆಲ್ಲಗೆ ಉಜ್ಜತೊಡಗುತ್ತಾರೆ.

ಬೆಸುಗೆ ಇವರಿಗೆ ಮನೆತನದಿಂದ ಬಂದದ್ದು. ಆದರೆ ಯಾರೂ ಕೈಹಿಡಿದು ಕೊಟ್ಟದ್ದಲ್ಲ. ತಂದೆ ವಿಜಯಪುರ ಜಿಲ್ಲೆಯ ಮುದ್ದೇಬಿಹಾಳದಲ್ಲಿ ಅಕ್ಕಸಾಲಿಗರು. ಇದ್ದಿಲ ಅಗ್ಗಿಷ್ಟಿಕೆ, ಊದುಗೊಳವೆ, ಬೆಳಗಾರದ ಬಟ್ಟಲು, ಚಿಮಟ ಇವುಗಳ ನಡುವೆ ಬೆಳೆದ ಹುಡುಗಿ ಹೇಮಲತಾ. ಅಣ್ಣಂದಿರಿಬ್ಬರನ್ನು ತಂದೆ ಪಕ್ಕದಲ್ಲಿ ಕೂಡಿಸಿಕೊಂಡು ಕಲಿಸಿದರು. ಮಗಳಿಗೆ ಸಿಕ್ಕಿದ್ದು ಇದ್ದಿಲು ತುಂಬುವ ಕೆಲಸ.

"ನಮ್ಮಪ್ಪ ನನಗೇನೂ ಕಲಿಸಲಿಲ್ರಿ. ಆದ್ರ ನೋಡಬ್ಯಾಡ ಅಂತನೂ ಅನಲಿಲ್ಲ. ನೋಡಕೋತ ನಿಂತೆ. ಕಾವು ಎಷ್ಟಾದಾಗ ಬೆಸುಗಿ ಹರೀತೈತಿ ಅನ್ನೂದು ಕಣ್ಣಿಗೆ ಬಂತು. ಕೈಗೆ ಬರಾಕ ಮೂವತ್ತು ವರ್ಷ ಹಿಡೀತು."

ರೈಲ್ವೆ ಸಿಗ್ನಲ್ ವಿಭಾಗದಲ್ಲಿದ್ದ ಗುಂಡಪ್ಪನವರನ್ನು ಮದುವೆಯಾಗಿ ವಡೋದರಕ್ಕೆ ಬಂದಾಗ ಹೇಮಲತಾಗೆ ಇಪ್ಪತ್ತನಾಲ್ಕು. ಗುಜರಾತಿ ಬಾರದು, ಹಿಂದಿ ಅಷ್ಟಕ್ಕಷ್ಟೆ. ಮಕ್ಕಳಿಬ್ಬರು ಶಾಲೆಗೆ ಹೋಗತೊಡಗಿದ ಮೇಲೆ ಮಕರಪುರದ ಕಾರ್ಖಾನೆಯೊಂದರಲ್ಲಿ ರಿಲೇ ಎಂಬ ವಿದ್ಯುತ್ ಸ್ವಿಚ್ಚು ಜೋಡಿಸುವ ಸಾಲಿಗೆ ಸೇರಿದರು. ಆ ಸಾಲಿನಲ್ಲಿ ನಲವತ್ತು ಹೆಂಗಸರು, ಒಬ್ಬೊಬ್ಬರ ಮುಂದೆಯೂ ಒಂದು ಭೂತಗನ್ನಡಿ, ಒಂದು ಸೋಲ್ಡರಿಂಗ್ ಐರನ್. ದಿನಕ್ಕೆ ಸಾವಿರದ ಇನ್ನೂರು ಬೆಸುಗೆಯ ಚುಕ್ಕೆ. ಹನ್ನೆರಡು ವರ್ಷ ಹಾಗೆ ಕಳೆಯಿತು. ಒಂದು ಸೋಮವಾರ ಬಂದು ನೋಡಿದರೆ ಆ ಸಾಲನ್ನೇ ಬೇರೆ ಊರಿಗೆ ಸಾಗಿಸುವ ಚೀಟಿ ಗೇಟಿಗೆ ಅಂಟಿಸಿದ್ದರು. ನಲವತ್ತೂ ಜನ ಅಲ್ಲೇ ರಸ್ತೆ ಬದಿಗೆ ಕುಳಿತು, ತಂದಿದ್ದ ಡಬ್ಬಿ ಬಿಚ್ಚಿ ಊಟ ಮಾಡಿ ಮನೆಗೆ ಹೋದರು.

ಮರುತಿಂಗಳು ಹೇಮಲತಾ ಮಂಥನ್‌ಭಾಯಿ ಎಂಬುವರ ಕಂಪ್ಯೂಟರ್ ಅಂಗಡಿಗೆ ಸೇರಿದರು. ಕೆಲಸ ಕೌಂಟರಿನಲ್ಲಿ ಕುಳಿತು ಬಂದವರ ಹೆಸರು ಬರೆದುಕೊಳ್ಳುವುದು, ಧೂಳು ಒರೆಸುವುದು. ಒಂದು ದಿನ ಅಲ್ಲಿನ ಮೆಕ್ಯಾನಿಕ್ ಚಾರ್ಜರ್ ಚುಚ್ಚುವ ಸಣ್ಣ ಪಿನ್ನೊಂದನ್ನು ಮೂರು ಸಲ ಸುಟ್ಟು, ಬೈದುಕೊಂಡು ಎದ್ದುಹೋದ. ಇವರು ಮೆಲ್ಲಗೆ, "ನಾನು ಹಚ್ಚಿ ನೋಡಲೇನು?" ಎಂದು ಕೇಳಿದರು. ಮಂಥನ್‌ಭಾಯಿ ತಲೆಯಾಡಿಸಿದರು. ಎರಡು ನಿಮಿಷಕ್ಕೆ ಪಿನ್ನು ಕೂತಿತು. ಅವರು ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ ಮರುದಿನವೇ ಇವರಿಗೊಂದು ಮೇಜು ಹಾಕಿಸಿಕೊಟ್ಟರು.

ಆದರೆ ಆ ಮೇಜು ಪರದೆಯ ಹಿಂದೆ. ಹೆಂಗಸಿನ ಕೈಗೆ ಯಂತ್ರ ಕೊಡಲು ಗಿರಾಕಿಗಳು ಅಳುಕುತ್ತಿದ್ದರು. ಬಂದವರೆಲ್ಲ ಕೇಳುತ್ತಿದ್ದ ಮೊದಲ ಮಾತು, "ಭಾಯಿ ಕ್ಯಾಂ ಛೆ?" ರಿಪೇರಿ ಮಾಡುವ ಅಣ್ಣ ಎಲ್ಲಿ ಎಂದು. ಎರಡು ವರ್ಷ ಹೇಮಲತಾ ಆ ಕಾಣದ 'ಭಾಯಿ' ಆಗಿಯೇ ಕೆಲಸ ಮಾಡಿದರು. ಕೊನೆಗೊಂದು ದಿನ ಗಿರಾಕಿಯೊಬ್ಬರು ಭಾಯಿಗೆಂದು ಪೇಡೆಯ ಪೊಟ್ಟಣ ತಂದಾಗ ಮಂಥನ್‌ಭಾಯಿ ಪರದೆ ಸರಿಸಿಬಿಟ್ಟರು. "ಆ ಮನಷ್ಯಾ ನನ್ನ ನೋಡಿದ, ಪೇಡೆ ನೋಡಿದ. ಆಮ್ಯಾಲೆ ನಕ್ಕು ಕೈಯಾಗ ಇಟ್ಟ," ಎಂದು ಹೇಮಲತಾ ಈಗಲೂ ನಗುತ್ತಾರೆ. ಮಂಥನ್‌ಭಾಯಿ ಅಂಗಡಿಯನ್ನು ಅಹಮದಾಬಾದಿಗೆ ಸಾಗಿಸಿದಾಗ ಮೇಜನ್ನೂ ಮೈಕ್ರೋಸ್ಕೋಪನ್ನೂ ಇವರಿಗೇ ಬಿಟ್ಟುಹೋದರು. ಅದಾಗಿ ಆರು ವರ್ಷ.

ಈಗ ದಿನಕ್ಕೆ ಆರೇಳು ಲ್ಯಾಪ್‌ಟಾಪ್‌ಗಳು ಬರುತ್ತವೆ. ಬಹುತೇಕ ಎಲ್ಲದರದೂ ಒಂದೇ ದೂರು, ಆನ್ ಆಗುತ್ತಿಲ್ಲ. ಹತ್ತರಲ್ಲಿ ನಾಲ್ಕಕ್ಕೆ ರೋಗವೇ ಇರುವುದಿಲ್ಲ ಎನ್ನುತ್ತಾರೆ ಹೇಮಲತಾ. ಗೋಡೆಯ ಪ್ಲಗ್ಗಿನಲ್ಲಿ ಕರೆಂಟಿರುವುದಿಲ್ಲ, ಚಾರ್ಜರಿನ ವೈರು ಒಳಗೇ ತುಂಡಾಗಿರುತ್ತದೆ, ಇಲ್ಲವೇ ಯಂತ್ರ ಸುಮ್ಮನೆ ಹಟ ಹಿಡಿದಿರುತ್ತದೆ. ಚಾರ್ಜರ್ ಕಿತ್ತು, ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದು ಬಿಟ್ಟರೆ ತಾನೇ ಏಳುತ್ತದೆ. ಇಂಥವಕ್ಕೆ ಇವರು ಏನನ್ನೂ ತೆಗೆದುಕೊಳ್ಳುವುದಿಲ್ಲ. ಹಿಂದೊಮ್ಮೆ ಅಹಮದಾಬಾದಿನ ವಸ್ತ್ರಾಪುರದಿಂದ ವಿದ್ಯಾರ್ಥಿಯೊಬ್ಬ ಎರಡು ತಾಸು ರೈಲಿನಲ್ಲಿ ಬಂದಿದ್ದ. ಅವನ ಕೋಣೆಯ ಎಕ್ಸ್‌ಟೆನ್ಷನ್ ಬೋರ್ಡ್ ಕೆಟ್ಟಿತ್ತು, ಅಷ್ಟೆ. "ನಗಬಾರದ್ರಿ. ಬಂದಾವ್ರು ಹೆದರಿರ್ತಾರ. ಹೆದರಿದಾವ್ರಿಗೆ ಸ್ವಿಚ್ ಕಾಣಂಗಿಲ್ಲ."

ನಿಜವಾದ ರೋಗದವು ಉಳಿದ ಆರು. ಅಂಥದೊಂದು ಕಳೆದ ತಿಂಗಳು ಇವರ ಮೇಜಿಗೆ ಬಂತು.

ವಿಮಾ ಸಂಸ್ಥೆಯಲ್ಲಿ ಅಧಿಕಾರಿಯಾಗಿರುವ ವೆಂಕಟಾಚಲ ತುಮಕೂರಿನವರು. ವರ್ಗವಾಗಿ ವಡೋದರಕ್ಕೆ ಬಂದು ಐದು ವರ್ಷವಾಯಿತು. ಅವರ ಮಗಳು ಮನಸ್ವಿನಿಗೆ ಇಪ್ಪತ್ತಮೂರು. ಹುಟ್ಟಿದಾಗಿನಿಂದ ಸೆರೆಬ್ರಲ್ ಪಾಲ್ಸಿ. ಗಾಲಿಕುರ್ಚಿಯಲ್ಲೇ ಓದಿ ಸಂಖ್ಯಾಶಾಸ್ತ್ರದ ಎಂ.ಎಸ್ಸಿ. ಕೊನೆಯ ವರ್ಷಕ್ಕೆ ಬಂದವಳು. ಬಾಯಿಂದ ಮಾತು ಹೊರಡದು. ಬಲಗೈಯ ಒಂದು ಬೆರಳು ಮಾತ್ರ ಹೇಳಿದಂತೆ ಕೇಳುತ್ತದೆ. ಆ ಬೆರಳಿನಿಂದ ಅವಳು ಕೀಲಿ ಒತ್ತಿದರೆ ಲ್ಯಾಪ್‌ಟಾಪ್ ಅವಳ ಪರವಾಗಿ ಮಾತಾಡುತ್ತದೆ. ಏಳು ವರ್ಷದಿಂದ ಅವಳು ತನ್ನ ನಾಲ್ಕು ಸಾವಿರ ವಾಕ್ಯಗಳನ್ನು ಅದರಲ್ಲಿ ಕೂಡಿಟ್ಟಿದ್ದಳು. ಅದರಲ್ಲಿ ತರಗತಿಯ ಪ್ರಶ್ನೆಗಳಿದ್ದವು, ಅಮ್ಮನೊಂದಿಗಿನ ಜಗಳಗಳಿದ್ದವು, ಅಪ್ಪನನ್ನು ಕಾಡಿಸುವ ಜೋಕುಗಳಿದ್ದವು. ಅದನ್ನೆಲ್ಲ ಬೇರೆಡೆ ನಕಲು ಮಾಡಿಡಬೇಕೆಂದು ವೆಂಕಟಾಚಲ ಎರಡು ವರ್ಷದಿಂದ ಅಂದುಕೊಳ್ಳುತ್ತಲೇ ಇದ್ದರು.

ಏಪ್ರಿಲ್‌ನ ಒಂದು ಗುರುವಾರ ಹನ್ನೊಂದೂವರೆಗೆ ಅವಳ ಪ್ರಾಜೆಕ್ಟಿನ ವೈವಾ ನಿಗದಿಯಾಗಿತ್ತು. ಮಂಗಳವಾರ ಸಂಜೆ ಲ್ಯಾಪ್‌ಟಾಪ್ ಸತ್ತಿತು.

ಬುಧವಾರ ಬೆಳಗ್ಗೆಯೇ ವೆಂಕಟಾಚಲ ಅದನ್ನು ಅಹಮದಾಬಾದಿನ ಸರ್ವಿಸ್ ಸೆಂಟರಿಗೆ ಒಯ್ದರು. ಒಳಗಿನ ಮದರ್‌ಬೋರ್ಡನ್ನೇ ಬದಲಾಯಿಸಬೇಕು, ಹನ್ನೆರಡು ದಿನ ಬೇಕು ಎಂದರು ಅಲ್ಲಿನವರು. ತೆಳ್ಳನೆಯ ಮಾದರಿಯಾದ್ದರಿಂದ ಮಾಹಿತಿ ಕೂಡಿಡುವ ಚಿಪ್ ಬೋರ್ಡಿಗೇ ಬೆಸೆದಿತ್ತು. ಬೋರ್ಡ್ ಹೋದರೆ ಒಳಗಿದ್ದುದೂ ಹೋದಂತೆಯೇ. ಪ್ರಾಜೆಕ್ಟಿನ ಕಡತ ಪೆನ್‌ಡ್ರೈವ್‌ನಲ್ಲಿತ್ತು. ಇಲ್ಲದ್ದು ಮಾತು. "ಮಗಳ ಬದಲು ತಾಯಿಯೇ ಉತ್ತರ ಹೇಳಬಹುದು, ಇಲ್ಲವೇ ಮುಂದಿನ ಸಲಕ್ಕೆ ಹಾಕೋಣ," ಎಂದು ಗೈಡ್ ಕರುಣೆಯಿಂದಲೇ ಸೂಚಿಸಿದ್ದರು. ಮನಸ್ವಿನಿ ಎರಡಕ್ಕೂ ಕಣ್ಣು ಬಿಗಿಯಾಗಿ ಮುಚ್ಚಿದಳು. ಕಣ್ಣು ಮೇಲೆತ್ತಿದರೆ ಹೌದು, ಮುಚ್ಚಿದರೆ ಇಲ್ಲ. ಅದು ಅವರ ಮನೆಯ ಭಾಷೆ.

ಸಂಜೆಯ ಲೋಕಲ್ ರೈಲಿನಲ್ಲಿ ಮರಳುವಾಗ ವೆಂಕಟಾಚಲ ಹೆಂಡತಿಗೆ ಫೋನಿನಲ್ಲಿ ಈ ಸುದ್ದಿ ಹೇಳುತ್ತಿದ್ದರು. ನಡಿಯಾದ್ ನಿಲ್ದಾಣದಲ್ಲಿ ಹತ್ತಿ ಎದುರಿಗೆ ಕುಳಿತಿದ್ದ, ಕಿತ್ತಳೆ ಬಣ್ಣದ ಜಾಕೆಟ್ಟಿನ ರೈಲ್ವೆ ಕೆಲಸಗಾರರೊಬ್ಬರು ಫೋನು ಇಡುವುದನ್ನೇ ಕಾದಿದ್ದರು.

"ಕನ್ನಡದವ್ರೇನ್ರಿ ಸಾಹೇಬ್ರ? ಯಾರದ್ರಿ ಲ್ಯಾಪ್‌ಟಾಪು?"

"ಮಗಳದು. ಅವಳು ಮಾತಾಡೋದೇ ಅದರಲ್ಲಿ."

ಆ ಕೆಲಸಗಾರ ಹೇಮಲತಾ ಅವರ ಪತಿ ಗುಂಡಪ್ಪ. ಅವರು, "ನಮ್ಮ ಮನಿಯಾಕಿ ಇದೇ ಕೆಲಸ ಮಾಡತಾಳ್ರಿ. ನಾಳಿ ಮುಂಜಾನೆ ಐದೂವರಿಗೆ ಮಕರಪುರದ ಅಂಗಡಿಗೆ ಬರ್ರಿ," ಎಂದರು.

"ನಿಜ ಹೇಳ್ಬೇಕೂಂದ್ರೆ ನಾನು ನಂಬಲಿಲ್ಲ," ಎನ್ನುತ್ತಾರೆ ವೆಂಕಟಾಚಲ ಈಗ. "ಕಂಪನಿಯವರ ಕೈಲೇ ಆಗದ್ದು ಇವರ ಕೈಲಿ ಏನಾಗತ್ತೆ ಅಂದ್ಕೊಂಡೆ. ಆದ್ರೆ ಸುಮ್ಮನೆ ಮನೇಲಿ ಕೂತಿರೋಕೂ ಆಗ್ತಿರಲಿಲ್ಲ."

ಮರುದಿನ ನಸುಕಿನಲ್ಲಿ ಮಳಿಗೆಯ ಮುಂದೆ ವ್ಯಾನೊಂದು ನಿಂತಿತು. ವೆಂಕಟಾಚಲ ಒಬ್ಬರೇ ಬರುತ್ತಾರೆಂದು ಹೇಮಲತಾ ಎಣಿಸಿದ್ದರು. ಆದರೆ ತನ್ನ ಯಂತ್ರ ಬಿಟ್ಟಿರಲು ಮನಸ್ವಿನಿ ಒಪ್ಪಿರಲಿಲ್ಲ. ಮಳಿಗೆಯ ಮೆಟ್ಟಿಲು ಎತ್ತರ. ಚಹಾದವನೂ ಪಕ್ಕದ ಗೋದಾಮಿನ ವಾಚ್‌ಮನ್ನೂ ಸೇರಿ ಗಾಲಿಕುರ್ಚಿಯನ್ನು ಎತ್ತಿ ಒಳಗಿಟ್ಟರು. ಜೊತೆಗೆ ತಾಯಿ ಸುಲೋಚನಾ. ಎಂಟಡಿ ಅಗಲದ ಜಾಗದಲ್ಲಿ ನಾಲ್ಕು ಜನ.

ಹೇಮಲತಾ ಮೊದಲು ಚಾರ್ಜರ್ ಅಳೆದರು. ಸರಿಯಾಗಿತ್ತು. ಅದನ್ನು ಲ್ಯಾಪ್‌ಟಾಪಿಗೆ ಚುಚ್ಚಿದೊಡನೆ ಚಾರ್ಜರಿನ ಹಸಿರು ದೀಪ ಪಕ್ಕನೆ ಆರಿತು. ಕಿತ್ತರೆ ಮತ್ತೆ ಹತ್ತಿತು.

"ಒಳಗ ಎಲ್ಲೋ ಶಾರ್ಟ್ ಐತಿ. ಕರೆಂಟ್ ಹ್ವಾದದ್ದೆಲ್ಲಾ ನೆಲಕ್ಕ ಇಳ್ದು ಹೋಗಾಕತ್ತೈತಿ. ಏನರೆ ನೀರು ಗೀರು ಬಿದ್ದಿತ್ತೇನ್ರಿ?"

"ಇಲ್ಲ ಹೇಮಕ್ಕ, ಏನೂ ಬಿದ್ದಿಲ್ಲ," ಎಂದರು ಸುಲೋಚನಾ, ಬೇಗನೆ.

ಎಲ್ಲರೂ ಹಾಗೆಯೇ ಹೇಳುತ್ತಾರೆ. ಹೇಮಲತಾ ಮತ್ತೆ ಕೇಳಲಿಲ್ಲ. ಹತ್ತು ಸ್ಕ್ರೂ ಬಿಚ್ಚಿ, ಕಾಗದದ ಮೇಲೆ ಲ್ಯಾಪ್‌ಟಾಪಿನ ಚಿತ್ರ ಬರೆದು, ಎಲ್ಲೆಲ್ಲಿಯದು ಅಲ್ಲಲ್ಲೇ ಚುಚ್ಚಿಟ್ಟರು. ಬ್ಯಾಟರಿಯ ವೈರು ತೆಗೆದು ಬೋರ್ಡನ್ನು ಮೈಕ್ರೋಸ್ಕೋಪಿನ ಕೆಳಗೆ ಇಟ್ಟಾಗ ಕೀಬೋರ್ಡಿನ ಅಡಿಯಲ್ಲಿ ಬಿಳಿಯ ಪೊರೆ ಕಂಡಿತು. ಏನೋ ದ್ರವ ಹನಿಹನಿಯಾಗಿ, ಬಹಳ ದಿನ ಇಳಿದ ಗುರುತು. ಅವರು ತಲೆಯೆತ್ತಿದರು. ಮನಸ್ವಿನಿಯ ಕೊರಳಿಗೆ ಒಂದು ಮೆತ್ತನೆಯ ಕರವಸ್ತ್ರ ಕಟ್ಟಿತ್ತು. ಅದರ ಅಂಚು ಒದ್ದೆಯಾಗಿತ್ತು. ಹುಡುಗಿ ಮುಖ ಆಚೆ ತಿರುಗಿಸಿಕೊಂಡಿದ್ದಳು. ಹೇಮಲತಾ ಮತ್ತೆ ಮೈಕ್ರೋಸ್ಕೋಪಿಗೆ ಬಾಗಿದರು.

ಮಲ್ಟಿಮೀಟರಿನ ಎರಡು ಮೊನೆ ತಾಗಿಸಿದಾಗ ಅದು ಎಡೆಬಿಡದೆ ಕೂಗಿತು. ಶಾರ್ಟ್ ನಿಜ. ಆದರೆ ಒಂದೇ ದಾರಿಯ ಮೇಲೆ ಕರೆಂಟು ಹಿಡಿದಿಡುವ, ಎಳ್ಳಿನಷ್ಟು ಗಾತ್ರದ ಮೂವತ್ತೆಂಟು ಕೆಪಾಸಿಟರ್‌ಗಳು ಅಕ್ಕಪಕ್ಕ ಇದ್ದವು. ಅವುಗಳಲ್ಲಿ ಕೆಟ್ಟದ್ದು ಯಾವುದೆಂದು ಮೀಟರ್ ಹೇಳುವುದಿಲ್ಲ. ಹೊರಗಿನಿಂದ ಸ್ವಲ್ಪ ಕರೆಂಟ್ ಬಿಟ್ಟರೆ ಕೆಟ್ಟದ್ದು ಬಿಸಿಯಾಗುತ್ತದೆ. ಆದರೆ ಕೆಟ್ಟದ್ದು ಬೇರೆ ಕಡೆ ಇದ್ದರೆ ಅದೇ ಕರೆಂಟು ಮುಖ್ಯ ಚಿಪ್ಪನ್ನೂ ಸುಡಬಹುದು. ಆಮೇಲೆ ಯಾರಿಂದಲೂ ಏನೂ ಆಗುವುದಿಲ್ಲ.

ಹೇಮಲತಾ ಇದನ್ನು ತಿಳಿಸಿದಾಗ ವೆಂಕಟಾಚಲ, "ನೀವು ಹೇಗೆ ಹೇಳಿದ್ರೆ ಹಾಗೆ," ಎಂದರು.

"ನಿಮ್ಮನ್ನಲ್ರಿ, ಅಕೀನ್ನ ಕೇಳ್ತೀನಿ," ಎಂದು ಹೇಮಲತಾ ಸ್ಟೂಲನ್ನು ಎಳೆದುಕೊಂಡು ಗಾಲಿಕುರ್ಚಿಯ ಎದುರು ಕುಳಿತರು. "ನೋಡವಾ ತಂಗಿ, ಹತ್ತರಾಗ ಎಂಟು ಸಲ ಉಳಿತೈತಿ. ಎರಡು ಸಲ ಉಳದಿಲ್ಲ. ಸುಳ್ಳು ಹೇಳಂಗಿಲ್ಲ. ಒಳಗಿರೂದು ನಿನ್ನ ಮಾತು. ಬ್ಯಾಡಂದ್ರ ಇಲ್ಲಿಗೇ ಬಿಡ್ತೀನಿ. ಮಾಡ್ಲ್ಯಾ?"

ಮನಸ್ವಿನಿ ಅವರನ್ನೇ ನೋಡಿದಳು. ಹೊರಗೆ ರಾತ್ರಿ ಪಾಳಿಯ ಸೈರನ್ ಕೂಗಿ ನಿಂತಿತು. ಅವಳು ಕಣ್ಣು ಮೇಲೆತ್ತಿದಳು.

ಹೇಮಲತಾ ಬೋರ್ಡಿನ ಮೇಲೆ ಸ್ಪಿರಿಟ್ ಸವರಿದರು. ಇಡೀ ಜಾಗ ಒದ್ದೆಯಾಗಿ ಮಿನುಗಿತು. ಬರೀ ಒಂದು ವೋಲ್ಟ್ ಇಟ್ಟು ವೈರು ತಾಗಿಸಿದರು. ಮೊದಲು ಏನೂ ಆಗಲಿಲ್ಲ. ಹತ್ತು ಎಣಿಸುವಷ್ಟರಲ್ಲಿ, ಮೂಲೆಯ ಒಂದು ಎಳ್ಳಿನ ಸುತ್ತ ಮಾತ್ರ ಸ್ಪಿರಿಟ್ ಆವಿಯಾಗಿ ಒಣಗಿದ ಚುಕ್ಕೆಯೊಂದು ಮೂಡಿತು. ಉಳಿದದ್ದೆಲ್ಲ ಇನ್ನೂ ಹಸಿ.

"ಸಿಕ್ಕಿ ನೋಡು ಮಗನ," ಎಂದರು ಹೇಮಲತಾ. ಅವರು ಬೈದದ್ದು ಅದೊಂದೇ.

ಬಿಸಿಗಾಳಿಯ ಗನ್ನಿನಿಂದ ಕಾಯಿಸಿ, ಚಿಮಟದಲ್ಲಿ ಆ ಕಣವನ್ನು ಎತ್ತಿ ಪಕ್ಕಕ್ಕಿಟ್ಟರು. ಉಳಿದ ಮೂವತ್ತೇಳು ಅದರ ಕೆಲಸ ಹಂಚಿಕೊಳ್ಳಬಲ್ಲವು ಎಂದು ವಿವರಿಸಿದರು. ಮೀಟರ್ ತಾಗಿಸಿದರೆ ಈಗ ಕೂಗಲಿಲ್ಲ. ಆದರೂ ಅವಸರ ಮಾಡಲಿಲ್ಲ. ಬಿಳಿಯ ಪೊರೆಯನ್ನು ಪೂರ್ತಿ ತೊಳೆದು, ಒಣಗಿಸಿ, ಸ್ಕ್ರೂಗಳನ್ನು ಅವವುಗಳ ಜಾಗಕ್ಕೆ ಹಾಕಿದಾಗ ಗಂಟೆ ಎಂಟೂ ಹತ್ತು. ಸೀರೆಯ ಬೆನ್ನು ಪೂರಾ ತೊಯ್ದಿತ್ತು.

ಗುಂಡಿ ಒತ್ತಿದರು. ದೀಪ ಹತ್ತಿತು. ಒಳಗಿನ ಫ್ಯಾನ್ ಸುಯ್ಯೆಂದಿತು. ಸುಲೋಚನಾ ಕೈಮುಗಿಯುವಷ್ಟರಲ್ಲಿ ದೀಪ ಆರಿ ಎಲ್ಲ ನಿಂತುಹೋಯಿತು. ವೆಂಕಟಾಚಲ ಗೋಡೆಗೆ ಒರಗಿದರು. ಮನಸ್ವಿನಿಯ ಗಂಟಲಿನಿಂದ ಸಣ್ಣ ಸ್ವರವೊಂದು ಹೊರಟಿತು.

ಹೇಮಲತಾ ಅಂಗೈ ಎತ್ತಿ, "ತಡೀರಿ. ಬ್ಯಾಟರಿ ತಗದು ಹಾಕೀನಲ್ಲ, ಅದು ತನ್ನನ್ನ ತಾನು ತಡವಿ ನೋಡಕೊಳ್ಳಾಕತ್ತೈತಿ," ಎಂದರು. ಒಳಗೊಳಗೆ ತಮಗೂ ಹೆದರಿಕೆಯಿತ್ತು ಎಂದು ಆಮೇಲೆ ಒಪ್ಪಿಕೊಂಡರು. ಐದು ಸೆಕೆಂಡು, ಎಂಟು ಸೆಕೆಂಡು. ಯಾರೂ ಮುಟ್ಟದೆಯೇ ದೀಪ ಮತ್ತೆ ಹತ್ತಿತು, ಪರದೆ ಬೆಳಗಿತು.

ಮನಸ್ವಿನಿಯ ಬೆರಳು ಕೀಲಿಗಳ ಮೇಲೆ ಒಂದೊಂದಾಗಿ ಇಳಿಯಿತು. ಯಂತ್ರದ ಹೆಣ್ಣುದನಿ ಇಂಗ್ಲಿಷಿನಲ್ಲಿ ಏನೋ ಹೇಳಿತು. ಸುಲೋಚನಾ ತಲೆ ತಗ್ಗಿಸಿದರು. ಹೇಮಲತಾ ಅರ್ಥವಾಗದೆ ವೆಂಕಟಾಚಲರ ಮುಖ ನೋಡಿದರು. ಅವರು, "ಅಮ್ಮ ನಿಮಗೆ ಸುಳ್ಳು ಹೇಳಿದ್ರು, ಕೆಡಿಸಿದ್ದು ನಾನೇ, ಅಂತಿದಾಳೆ," ಎಂದರು. ಮುಂದಿನ ಪದ ಅವರ ಬಾಯಿಂದ ಬರಲಿಲ್ಲ. ಮನಸ್ವಿನಿ ಕಾಯಲಿಲ್ಲ. ಕನ್ನಡದ ಪದವನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿದಳು. ದೂರದೇಶದ ಆ ದನಿ ಗಂಭೀರವಾಗಿ, "ಜಾಲೂ," ಎಂದಿತು. ಮತ್ತೆ ಒತ್ತಿದಳು. "ಜಾಲೂ. ಜಾಲೂ."

"ಜೊಲ್ಲು!" ಎಂದರು ಹೇಮಲತಾ, ಒಗಟು ಬಿಡಿಸಿದವರ ಹಾಗೆ. ಮೊದಲು ನಕ್ಕವಳು ಮನಸ್ವಿನಿ. ಆಮೇಲೆ ಎಲ್ಲರೂ.

"ನನಗ ಆಗಲೇ ಗೊತ್ತಾಗಿತ್ತವಾ. ಈ ಮೇಜಿನ ಮ್ಯಾಲೆ ಚಹಾ ಬಂದೈತಿ, ದಾಲ್ ಬಂದೈತಿ, ಒಮ್ಮಿ ಬೆಕ್ಕಿನ ಉಚ್ಚಿನೂ ಬಂದೈತಿ. ಅದರ ಮುಂದ ನಿಂದು ಗಂಗಾಜಲ. ಅದಕ್ಕ್ಯಾಕ ನಾಚಿಕಿ?" ಎನ್ನುತ್ತ ಕಪಾಟಿನಿಂದ ತೆಳ್ಳನೆಯ ರಬ್ಬರಿನ ಹಾಳೆ ತೆಗೆದು, ಕೀಬೋರ್ಡಿನ ಅಳತೆಗೆ ಕತ್ತರಿಸಿ, ಅವಳ ಬೆರಳು ಜಾರದ ಹಾಗೆ ಮೇಲೆ ಹೊದಿಸಿದರು. ಸುಲೋಚನಾ ಆ ಹೊತ್ತಿನಲ್ಲಿ ಹೊರಗೆ ಚಹಾದ ಗಾಡಿಯ ಬಳಿ ನಿಂತು ಕಣ್ಣೊರೆಸಿಕೊಂಡರು. "ಬೇರೆಯವರ ಮುಂದೆ ಅವಳಿಗೆ ಅವಮಾನ ಆಗಬಾರದು ಅಂತ ಮುಚ್ಚಿಟ್ಟೆ. ಅವಳಿಗಿಂತ ನನಗೇ ಜಾಸ್ತಿ ನಾಚಿಕೆ ಇತ್ತೇನೋ," ಎಂದು ಅವರು ನೆನಪಿಸಿಕೊಳ್ಳುತ್ತಾರೆ.

ಅಲ್ಲಿಗೆ ಹೇಮಲತಾ ಅವರ ಕೆಲಸ ಮುಗಿದಿತ್ತು. ಆದರೆ ವ್ಯಾನು ಹೊರಡುವಾಗ ಅವರು ಶಟರ್ ಎಳೆದು, ಸೋಲ್ಡರಿಂಗ್ ಐರನ್, ಮೀಟರ್, ಚಿಮಟಗಳ ಚೀಲ ಹೆಗಲಿಗೇರಿಸಿ ತಾವೂ ಹತ್ತಿ ಕುಳಿತರು. "ನಡುವ ಎಲ್ಯರೆ ಕೈಕೊಟ್ರ?" ಆರು ವರ್ಷದಲ್ಲಿ ವಾರದ ನಡುವೆ ಅಂಗಡಿ ಮುಚ್ಚಿದ್ದು ಅದೇ ಮೊದಲು. ವಿಶ್ವವಿದ್ಯಾಲಯದ ಕಟ್ಟಡದೊಳಗೆ ಕಾಲಿಟ್ಟದ್ದೂ ಅದೇ ಮೊದಲು. ಕೊನೆಯ ಬೆಂಚಿನ ತುದಿಯಲ್ಲಿ, ಪ್ಲಗ್ಗಿಗೆ ಹತ್ತಿರವಾಗಿ ಕುಳಿತರು.

ಗುಜರಾತಿನ ಉತ್ತರಾಯಣ ಹಬ್ಬದಲ್ಲಿ ಹಾರಿಸುವ ಗಾಳಿಪಟದ ದಾರಕ್ಕೆ ಸಿಕ್ಕಿ ಗಾಯಗೊಳ್ಳುವ ಹಕ್ಕಿಗಳ ಲೆಕ್ಕ ಮನಸ್ವಿನಿಯ ಪ್ರಾಜೆಕ್ಟಿನ ವಿಷಯ. ಮೊದಲೇ ಬರೆದಿಟ್ಟ ವಾಕ್ಯಗಳನ್ನು ದನಿ ಓದಿ ಮುಗಿಸಿತು. ಪ್ರಶ್ನೆಗಳು ಶುರುವಾದವು. ಒಬ್ಬ ಪರೀಕ್ಷಕರು, "ಇದು ಜನರ ಕಣ್ಣಿಗೆ ಬಿದ್ದ ಹಕ್ಕಿಗಳ ಲೆಕ್ಕ. ಯಾರಿಗೂ ಸಿಗದೆ ಎಲ್ಲೋ ಬಿದ್ದು ಸತ್ತವುಗಳ ಗತಿ?" ಎಂದು ಕೇಳಿದರು. ಇದಕ್ಕೆ ಕೂಡಿಟ್ಟ ಉತ್ತರ ಇರಲಿಲ್ಲ. ಮನಸ್ವಿನಿ ಒತ್ತತೊಡಗಿದಳು. ಒಂದು ನಿಮಿಷ, ಎರಡು ನಿಮಿಷ. ಅಷ್ಟರಲ್ಲಿ ಪರದೆಯ ಬೆಳಕು ತುಸು ಕುಗ್ಗಿತು. ಹೇಮಲತಾ ಚೀಲಕ್ಕೆ ಕೈಹಾಕಿ ಅರ್ಧ ಎದ್ದೇಬಿಟ್ಟರು. ಬ್ಯಾಟರಿ ಉಳಿಸಲು ಲ್ಯಾಪ್‌ಟಾಪ್ ತಾನೇ ಬೆಳಕು ತಗ್ಗಿಸಿಕೊಂಡಿತ್ತು, ಅಷ್ಟೆ. ಮೂರನೆಯ ನಿಮಿಷಕ್ಕೆ ದನಿ ಎದ್ದಿತು. "ಅವುಗಳ ಪರವಾಗಿ ಹೇಳುವವರು ಯಾರೂ ಇರಲಿಲ್ಲ. ಹಾಗಾಗಿ ನನ್ನ ಅಂಕಿ ನಿಜಕ್ಕಿಂತ ಕಡಿಮೆಯೇ ಇರುತ್ತದೆ. ಎಷ್ಟು ಕಡಿಮೆ ಇರಬಹುದು ಎಂಬ ಅಂದಾಜು ಮೂವತ್ತೊಂದನೆಯ ಪುಟದಲ್ಲಿದೆ." ಪರೀಕ್ಷಕರು ಪುಟ ತಿರುವಿ, ಕನ್ನಡಕ ತೆಗೆದು, ತಲೆದೂಗಿದರು.

ಮನಸ್ವಿನಿ ಮೊದಲ ದರ್ಜೆಯಲ್ಲಿ ಪಾಸಾಗಿದ್ದಾಳೆ.

ಇದೆಲ್ಲ ಹೇಳಿಸಿಕೊಂಡು ಬರೆಯುವಂಥದೇನೂ ಅಲ್ಲ ಎಂಬುದು ಹೇಮಲತಾ ಅವರ ಅಭಿಪ್ರಾಯ. ಗಂಟೆ ಒಂಬತ್ತಾಗುತ್ತ ಬಂದಿದೆ. ಸೂರತ್‌ನಿಂದ ಬಂದ ಲ್ಯಾಪ್‌ಟಾಪ್ ಎದ್ದು ಕುಳಿತಿದೆ. ಈಗ ಅವರು ಮೇಜಿನ ಕೆಳಗಿನಿಂದ ಇನ್ನೊಂದನ್ನು ತೆಗೆಯುತ್ತಾರೆ. ಗುಜರಿಯಲ್ಲಿ ಸಿಕ್ಕ ಮೂರು ಯಂತ್ರಗಳ ಅಂಗಾಂಗ ಕೂಡಿಸಿ ಕಟ್ಟುತ್ತಿರುವ ಲ್ಯಾಪ್‌ಟಾಪ್ ಇದು. ಮುಗಿದ ಮೇಲೆ ನಾಲ್ಕು ಸಾವಿರ ವಾಕ್ಯಗಳನ್ನೂ ಇದಕ್ಕೆ ನಕಲು ಮಾಡಿ ಮನಸ್ವಿನಿಯ ಮನೆಯಲ್ಲಿ ಇಟ್ಟುಬರಬೇಕೆಂಬುದು ಅವರ ಆಸೆ. "ಒಂದು ಗಂಟಲು ಕಟ್ಟಿದ್ರ ಇನ್ನೊಂದು ಇರ್ಲಿ ಅಂತ. ನನ್ನ ಕಣ್ಣು ಇನ್ನ ಐದಾರು ವರ್ಷ ಬಂದ್ರ ಹೆಚ್ಚು. ಅಷ್ಟರಾಗ ಇಂಥವು ಒಂದೆರಡು ಮಾಡಿಟ್ರ ಸಾಕ್ರಿ. ಬ್ಯಾರೆ ಏನು ಬೇಕು?"

ಫ್ಯಾನ್ ಹಾಕಿ, ಸೆರಗಿನಿಂದ ಕೊರಳು ಒರೆಸಿಕೊಳ್ಳುತ್ತಾರೆ. ಆ ದಿನ ಕೊನೆಯ ಬೆಂಚಿನಲ್ಲಿ ಕುಳಿತಾಗ ಏನನ್ನಿಸಿತು ಎಂದು ಕೇಳಿದರೆ ಚಿಮಟ ಕೆಳಗಿಡುತ್ತಾರೆ.

"ಅಕಿ ಮಾತಾಡಿದ್ಲು, ನಾ ಕುಂತು ಕೇಳಿದೆ. ಇಂಗ್ಲಿಷ್‌ನ್ಯಾಗ ಏನಂದ್ಲೋ, ಅರ್ಧಾ ತಿಳೀಲಿಲ್ಲ. ಆದ್ರ ಒಂದ್ ಸಲನೂ ತಡವರಸಲಿಲ್ಲ ನೋಡ್ರಿ."